ಹಳಿಯ ದಾರಿಯಲ್ಲೊಂದು ತೊಟ್ಟಿ ಮನೆ

ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಮೈಸೂರಿನತ್ತ ಹೊರಡುವ ಗಾಡಿಯಲ್ಲಿ ಕುಳಿತವರೆಲ್ಲ ಊರಿಗೆ ಹೋಗುವವರೆಂದು ಭಾವಿಸಿದರೆ ತಪ್ಪಾದೀತು. ಊರನ್ನು ಹುಡುಕಿಕೊಂಡು ಹೋಗುವವರೂ ಅವರಲ್ಲಿ ಉಂಟು. ಕಿಟಕಿಯ ಪಕ್ಕದಲ್ಲಿ ಕುಳಿತು, ಹಳಿಯ ಎರಡು ಬದಿಗೂ ಕಾಣುವ ಹೆಂಚಿನ ಮಾಡುಗಳನ್ನು ಕತ್ತು ನೀಡಿ ನೋಡುತ್ತ, ತೆಂಗಿನ ತೋಪಿನ ನಡುವೆ ಎಲ್ಲಾದರೂ ಒಂದು ಹಳೆಯ ಮನೆ ಇಣುಕಿದರೆ ‘ಅದು ಹೇಗೆ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ದಂಪತಿಗಳನ್ನು ಈ ದಾರಿಯಲ್ಲಿ ಪಯಣಿಸಿದವರು ಕಂಡೇ ಇರುತ್ತಾರೆ. ಅಂಥ ಒಂದು ಸಂಸಾರ ಹದಿನಾಲ್ಕು ತಿಂಗಳ ಕಾಲ ಈ ಹಳಿಯ ಉದ್ದಕ್ಕೂ ಅಲೆದು ಕಂಡುಕೊಂಡ ಸಂಗತಿಗಳು ಮನೆ ಹುಡುಕುವ ಇತರರಿಗೂ ಉಪಯೋಗವಾದಾವು.

ಯಜಮಾನರಿಗೆ ಕಬ್ಬನ್ ಪಾರ್ಕಿನ ಹತ್ತಿರದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಅವರ ಪತ್ನಿ ಶಾಲೆಯಲ್ಲಿ ಗಣಿತ ಕಲಿಸುವ ಉಪಾಧ್ಯಾಯಿನಿ. ಇಬ್ಬರು ಮಕ್ಕಳು, ಎಂಬತ್ತರ ಅಂಚಿನ ಮಾವನವರು. ವಿಜಯನಗರದಲ್ಲಿ ಹದಿನಾಲ್ಕು ವರ್ಷಗಳಲ್ಲಿ ನಾಲ್ಕು ಬಾಡಿಗೆ ಮನೆಗಳಾಗಿದ್ದವು. ನಾಲ್ಕನೆಯದು ಮೂರನೆಯ ಮಹಡಿ; ಮಗಳು ಕುಂಟಾಬಿಲ್ಲೆ ಆಡಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಿದ್ದರು, ಮುದುಕರು ಕೆಳಗೆ ಇಳಿದರೆ ಮತ್ತೆ ಮೇಲೆ ಬರುವುದು ಕಷ್ಟವಾಗುತ್ತಿತ್ತು. ನಗರದಲ್ಲಿ ಒಂದು ಸಣ್ಣ ನಿವೇಶನಕ್ಕೆ ಕೇಳುವ ಹಣದಲ್ಲಿ, ದಿನವೂ ಹೋಗಿ ಬರುವಷ್ಟು ದೂರದಲ್ಲಿ, ನಾಲ್ಕು ಮರಗಳ ಹಿತ್ತಿಲಿರುವ ಹಳೆಯ ಮನೆಯೊಂದು ದೊರಕೀತೇ ಎಂಬ ಯೋಚನೆ ಮೊಳೆತದ್ದು ಹೀಗೆ.

‘ದಿನವೂ ಹೋಗಿ ಬರುವಷ್ಟು ದೂರ’ ಎಂದರೆ ಎಷ್ಟು? ಜಾಹೀರಾತುಗಳಲ್ಲಿ ಎಲ್ಲ ಊರುಗಳೂ ಬೆಂಗಳೂರಿಗೆ ಮುಕ್ಕಾಲು ಗಂಟೆಯ ದಾರಿಯೇ. ಇದನ್ನು ತೀರ್ಮಾನಿಸಿದವರು ಮುದುಕರು. ಅವರು 1965ರಲ್ಲಿ ನಾಗಮಂಗಲದ ಕಡೆಯ ಹಳ್ಳಿಯನ್ನು ಬಿಟ್ಟು ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಗೆ ಸೇರಿದವರು. ಕೀಲಿ ಕೊಡುವ ಆ ಕೈಗಡಿಯಾರ ಇಂದಿಗೂ ಅವರ ಮಣಿಕಟ್ಟಿನಲ್ಲಿ ಓಡುತ್ತದೆ. ಅದನ್ನು ಮಾಡಿದ ಕಾರ್ಖಾನೆ 2016ರಲ್ಲಿ ನಿಂತುಹೋಯಿತು. “ಕಿಲೋಮೀಟರ್ ಲೆಕ್ಕ ಬೇಡ. ಮನೆಯ ಹೊಸಿಲು ದಾಟಿದ ಹೊತ್ತಿನಿಂದ ಕಚೇರಿ ಕುರ್ಚಿಯಲ್ಲಿ ಕೂರುವ ಹೊತ್ತಿನವರೆಗೆ ಎರಡು ಗಂಟೆ ಮೀರಕೂಡದು. ಮೀರಿದರೆ ಮನೆ ಇದ್ದೂ ಇಲ್ಲದ ಹಾಗೆ” ಎಂದರು ಅವರು. ನಡಿಗೆ, ಕಾಯುವಿಕೆ, ಗಾಡಿ, ಮೆಟ್ರೋ ಎಲ್ಲವೂ ಆ ಎರಡು ಗಂಟೆಯೊಳಗೆ ಅಡಗಬೇಕು.

ಮೈಸೂರಿನ ಹಳಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1876–78ರ ಮಹಾಕ್ಷಾಮದಲ್ಲಿ, ಹಳಬರು ಧಾತು ಈಶ್ವರದ ಬರವೆಂದು ನೆನೆಯುವ ಆ ದುರ್ಭಿಕ್ಷದಲ್ಲಿ, ಹಸಿದವರಿಗೆ ಕೂಲಿ ಕೊಡಲೆಂದು ಈ ಹಾದಿಯ ಕೆಲಸ ಮೊದಲಾಯಿತು. 1882ರಲ್ಲಿ ಗಾಡಿ ಮೈಸೂರನ್ನು ಮುಟ್ಟಿತು. ಇಂದು ಅದು ಜೋಡಿ ಹಳಿಯ, ವಿದ್ಯುತ್ತಿನಿಂದ ಓಡುವ ಮಾರ್ಗ. ತಿಂಗಳ ಸೀಸನ್ ಟಿಕೇಟಿನ ಹಿಡಿತದಲ್ಲಿ ದಿನವೂ ಸಾವಿರಾರು ಜನರನ್ನು ರಾಜಧಾನಿಗೆ ತಂದು ಸುರಿಯುತ್ತದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೆದ್ದಾರಿಯೇನೋ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ನೇರವಾಗಿ ಓಡುತ್ತದೆ. ಆದರೆ ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ಸ್ಕೂಟರುಗಳಿಗೂ ಆಟೋಗಳಿಗೂ ಪ್ರವೇಶವಿಲ್ಲ. ಕಾರಿದ್ದವರು ಸುಂಕ ತೆತ್ತು ಹೋಗಬೇಕು. ಸಂಬಳದ ಮೇಲೆ ಬದುಕುವ ಸಂಸಾರಕ್ಕೆ ಹಳಿಯೇ ಗತಿ.

ಮೊದಲು ಇಳಿದದ್ದು ಬಿಡದಿ. ತಟ್ಟೆ ಇಡ್ಲಿ ತಿಂದದ್ದೊಂದೇ ಅಲ್ಲಿಯ ಲಾಭ. 1999ರಲ್ಲಿ ಮೋಟಾರು ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ಅಲ್ಲಿಯ ನೆಲದ ಬೆಲೆ ಏರುತ್ತಲೇ ಬಂದಿದೆ; 2025ರಲ್ಲಿ ಉಪನಗರವೊಂದಕ್ಕಾಗಿ ಸುತ್ತಿನ ಹಳ್ಳಿಗಳ ಜಮೀನಿಗೆ ಸ್ವಾಧೀನದ ಅಧಿಸೂಚನೆಯೂ ಹೊರಬಿದ್ದಿತು. ‘ಹಳೇ ಮನೆ ಇದೆಯೇ’ ಎಂದು ಕೇಳಿದವರನ್ನು ದಲ್ಲಾಳಿಗಳು ಕರುಣೆಯಿಂದ ನೋಡಿದರು.

ರಾಮನಗರದ ಮಾತು ಬೇರೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಒಂದು ಕಾಲಕ್ಕೆ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ಊರು. ಅದರ ಕಲ್ಲಿಗೂ ಭೂವಿಜ್ಞಾನಿಗಳು ಅದೇ ಹೆಸರನ್ನಿಟ್ಟಿದ್ದಾರೆ. ಆ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅವುಗಳ ಮುಂದೆ ನಿಂತು ‘ಹಳೆಯ ಮನೆ’ ಎನ್ನಲು ನಾಲಿಗೆ ಹಿಂಜರಿಯುತ್ತದೆ. ರಾಮದೇವರ ಬೆಟ್ಟದ ರಣಹದ್ದುಗಳಿಗೆ 2012ರಲ್ಲಿ ಅಭಯಧಾಮವಾಯಿತು. ಮನುಷ್ಯರಿಗೆ ಅಲ್ಲಿ ಮನೆ ಸಿಗುವುದು ಅಷ್ಟು ಸುಲಭವಲ್ಲ. ಬಂಡೆಯೊಂದರ ಮಗ್ಗುಲಲ್ಲಿ, ಹದಿನಾರು ಕಂಬಗಳ ತೊಟ್ಟಿ ಮನೆ ಮಾರಾಟಕ್ಕಿದೆಯೆಂದು ಸುದ್ದಿ ಬಂದಿತ್ತು. ಒಂದು ವಾರ ತಡವಾಯಿತು. ಹೋಗಿ ನೋಡಿದರೆ ಕಂಬಗಳಿಲ್ಲ. ಹಳೆಯ ಮರಮುಟ್ಟು ಕೊಳ್ಳುವ ವ್ಯಾಪಾರಿ ಬೆಂಗಳೂರಿನಿಂದ ಲಾರಿ ತಂದು ಕಂಬ, ಬೋದಿಗೆ, ತೊಲೆ, ಕೆತ್ತನೆಯ ಮುಂಬಾಗಿಲು ಎಲ್ಲವನ್ನೂ ಬಿಚ್ಚಿಕೊಂಡು ಹೋಗಿದ್ದ. ಉಳಿದದ್ದು ಮಣ್ಣಿನ ಗೋಡೆಗಳು ಮತ್ತು ಗೋಡೆಯಲ್ಲಿ ತೊಲೆ ಕೂತಿದ್ದ ತೂತುಗಳು. ಆ ಕಂಬಗಳು ಇಷ್ಟು ಹೊತ್ತಿಗೆ ಯಾವುದೋ ಭೋಜನಗೃಹದ ಬಾಗಿಲಲ್ಲಿ ಅಲಂಕಾರಕ್ಕೆ ನಿಂತಿರಬೇಕು. ಹಳೆಯ ಮನೆಗೆ ಇಂದು ಎರಡು ಬೆಲೆಗಳಿವೆ: ನಿಂತಿದ್ದರೆ ಒಂದು, ಬಿಚ್ಚಿದರೆ ಇನ್ನೊಂದು. ಅನೇಕ ವೇಳೆ ಎರಡನೆಯದೇ ಹೆಚ್ಚು.

ಅಲ್ಲಿಂದ ಬೇಸತ್ತು ಒಮ್ಮೆಲೇ ಮದ್ದೂರಿಗೆ ಹಾರಿದರು. ಶಿಂಷೆಯ ದಂಡೆ, ಕಬ್ಬಿನ ಗದ್ದೆ, ಬೆಲೆಯೂ ಕೈಗೆಟಕುವಂಥದು. ಆದರೆ ಸೋಮವಾರ ಬೆಳಗ್ಗೆ ಪರೀಕ್ಷಾರ್ಥವಾಗಿ ಅಲ್ಲಿಂದ ಹೊರಟ ಯಜಮಾನರು ಕಚೇರಿ ಮುಟ್ಟುವಾಗ ತಂದೆಯ ಗಡಿಯಾರ ಎರಡು ಗಂಟೆ ನಲವತ್ತು ನಿಮಿಷ ತೋರಿಸಿತು. ಮದ್ದೂರಿನ ಆಸೆ ಅಲ್ಲಿಗೆ ಮುಗಿಯಿತು. ಮದ್ದೂರಿನ ಋಣ ಮಾತ್ರ ಮುಗಿಯಲಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ರಾಮನಗರಕ್ಕೂ ಮದ್ದೂರಿಗೂ ನಡುವೆ ಚನ್ನಪಟ್ಟಣ. ಬೆಂಗಳೂರಿನಿಂದ ಗಾಡಿಯಲ್ಲಿ ಒಂದು ಗಂಟೆಯಿಂದ ಒಂದೂವರೆ ಗಂಟೆ. ಆಲೆ ಮರವನ್ನು ಚರಕಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಹಚ್ಚುವ ಗೊಂಬೆಗಳಿಂದ ಈ ಊರು ಲೋಕಪ್ರಸಿದ್ಧ. ಪೇಟೆ ದಾಟಿದರೆ ತೆಂಗು, ಮಾವು, ಹಿಪ್ಪುನೇರಳೆ. ಈ ಪ್ರದೇಶ 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹೆಸರು ಬದಲಾದ ಸುದ್ದಿ ಬಂದ ವಾರವೇ ಗುಂಟೆಯ ಬೆಲೆ ಏರಿತೆಂದು ದಲ್ಲಾಳಿಗಳು ಹೇಳುತ್ತಾರೆ. ದಲ್ಲಾಳಿಗಳ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಟ್ಟರಾಯಿತು.

ನಿಲ್ದಾಣದಿಂದ ನಾಲ್ಕು ಕಿಲೋಮೀಟರ್ ಒಳಗೆ ಒಂದು ಹಳ್ಳಿ. ಹೆಸರು ಬೇಡ, ಹೆಸರು ಅಚ್ಚಾದರೆ ಆ ವ್ಯಾಪಾರಿಯ ಲಾರಿ ಮರುದಿನವೇ ಅಲ್ಲಿ ನಿಂತೀತು. ಕೆರೆಯ ಏರಿ ಇಳಿದು, ಅರಳಿಕಟ್ಟೆ ಬಳಸಿದರೆ ಎದುರಿಗೆ ಮನೆ. ನೂರು ವರ್ಷ ಮೀರಿರಬೇಕೆಂದು ಊರವರ ಅಂದಾಜು. ಮುಂದೆ ಉದ್ದನೆಯ ಜಗಲಿ, ಅದರ ಮೇಲೆ ಮಂಗಳೂರು ಹೆಂಚು. ಒಳಗಿನ ಮಾಡಿಗೆಲ್ಲ ನಾಡಹೆಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಮೇಲೆ ಅನುಕೂಲಸ್ಥರ ಮನೆಗಳಿಗೆ ಹೀಗೆ ಮುಂಭಾಗಕ್ಕಾದರೂ ಆ ಹೆಂಚನ್ನು ಹಾಕಿಸುವ ಹವ್ಯಾಸ ನಾಡಿನಾದ್ಯಂತ ಹಬ್ಬಿತು. ಹೊಸಿಲು ದಾಟಿದರೆ ನಡುಮನೆ. ಅದರ ಮಧ್ಯದಲ್ಲಿ ಆಕಾಶಕ್ಕೆ ತೆರೆದ ತೊಟ್ಟಿ. ನಾಲ್ಕು ಕಡೆಯ ಮಾಡೂ ತೊಟ್ಟಿಗೆ ಇಳಿಜಾರು. ಮಳೆ ಬಂದರೆ ನಾಲ್ಕು ಕಡೆಯಿಂದಲೂ ನೀರು ಅಲ್ಲಿಗೇ ಸುರಿದು, ಕಲ್ಲಿನ ದೋಣಿಯಲ್ಲಿ ಹರಿದು ಹಿತ್ತಿಲಿಗೆ ಹೋಗುತ್ತದೆ. ಹೊರಗೋಡೆಗಳಿಗೆ ಕಿಟಕಿಗಳಿಲ್ಲ ಎಂದೇ ಹೇಳಬೇಕು. ಬೆಳಕೂ ಗಾಳಿಯೂ ತೊಟ್ಟಿಯಿಂದಲೇ. ಬೇಸಗೆಯ ಮಧ್ಯಾಹ್ನ ಹೊರಗೆ ನೆಲ ಸುಡುವಾಗ ಒಳಗೆ ಮಡಕೆಯ ತಂಪು.

ತೊಟ್ಟಿಯ ಪಡಸಾಲೆಯ ಗೋಡೆಗೆ ಬಿದಿರಿನ ಚಂದ್ರಿಕೆಗಳು ಒರಗಿದ್ದವು. ಈ ಸೀಮೆಯಲ್ಲಿ ಮನೆಯೆಂದರೆ ಮನುಷ್ಯರು ಮಾತ್ರ ಇರುವ ಸ್ಥಳವಲ್ಲ, ರೇಷ್ಮೆ ಹುಳುವಿನದೂ ಅರ್ಧ. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಸಾಕುವವರು ಅದನ್ನು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳು ಹಗಲಿರುಳು ಸೊಪ್ಪು ಮೇಯುವಾಗ ಮಳೆ ಸುರಿದಂತೆ ಸಪ್ಪಳ ಕೇಳುತ್ತದಂತೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಯವರು ಜಗಲಿಯಲ್ಲಿ ಮಲಗಬೇಕು, ಒಳಮನೆ ಹುಳುವಿಗೆ ಬಿಟ್ಟುಕೊಡಬೇಕು. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಏಷ್ಯದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಈ ಮನೆಯ ಚಂದ್ರಿಕೆಗಳಲ್ಲಿ ಮಾತ್ರ ಬಹಳ ಕಾಲದಿಂದ ಗೂಡಿರಲಿಲ್ಲ. ಧೂಳಿತ್ತು.

ಮುದುಕರು ಯಾರಿಗೂ ಹೇಳದೆ ಪರೀಕ್ಷೆ ಆರಂಭಿಸಿದರು. ಪ್ರತಿಯೊಂದು ಕಂಬವನ್ನೂ ಬೆರಳ ಗೆಣ್ಣಿನಿಂದ ಬುಡದಿಂದ ಮೇಲಕ್ಕೆ ತಟ್ಟುತ್ತ ಹೋದರು. ಒಂಬತ್ತು ಗಟ್ಟಿಯಾಗಿ ನುಡಿದವು. ಮೂರು ಬುಡದಲ್ಲಿ ಪೊಳ್ಳು, ಗೆದ್ದಲು. ಗೋಡೆಯ ಕೆಳಗಿನ ಎರಡು ಮೊಳ ಉಪ್ಪು ಬಿಟ್ಟು ಉದುರುತ್ತಿತ್ತು. ಅಲ್ಲಿ ಯಾರೋ ಹಿಂದೊಮ್ಮೆ ಸಿಮೆಂಟು ಮೆತ್ತಿದ್ದರು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವುದು ಬೆವರುವ ಮೈಗೆ ರಬ್ಬರು ಅಂಗಿ ತೊಡಿಸಿದಂತೆ. ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಕರಗುತ್ತದೆ. ಸುಣ್ಣದ ಗಾರೆಯೇ ಅದಕ್ಕೆ ಸರಿ. ಮಾಡಿನಲ್ಲಿ ಕೋತಿಗಳು ಸರಿಸಿದ ಹೆಂಚುಗಳ ಸಂದಿನಿಂದ ಬಿಸಿಲಿನ ಕಾಸುಗಳು ನೆಲದ ಮೇಲೆ ಬಿದ್ದಿದ್ದವು. ವರ್ಷ ವರ್ಷವೂ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು. ಹೆಂಚಿನ ಕೆಲಸ ಬಲ್ಲವರು ಊರಿಗೆ ಒಬ್ಬರೂ ಉಳಿದಿಲ್ಲ.

ಹಿಂದೆ 1 ಎಕರೆ 12 ಗುಂಟೆ ತೋಟ. ಮೂವತ್ತು ತೆಂಗು, ಎರಡು ಹುಣಿಸೆ, ಒಂದು ಹಲಸು, ಒಂದು ಬಾವಿ. ಕೊಳವೆ ಬಾವಿಗಳ ಕಾಲದಲ್ಲಿ ಬತ್ತಿದ್ದ ಈ ಬಾವಿ, ಶಿಂಷೆಯ ಇಗ್ಗಲೂರು ಅಣೆಕಟ್ಟಿನಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸತೊಡಗಿದಮೇಲೆ ಮತ್ತೆ ಒರತೆ ಕಂಡಿತ್ತು. ಮುದುಕರು ಒಂದು ಕಲ್ಲನ್ನು ಒಳಗೆ ಹಾಕಿ ಸದ್ದಿಗಾಗಿ ಕಿವಿಗೊಟ್ಟರು.

“ನೀರೈತೆ ಕಣಪ್ಪ, ಕಲ್ಲಾಕಿ ಯಾಕೆ ಕೆಡಿಸ್ತೀರಿ?” ಎಂಬ ಮಾತು ಹಿಂದಿನಿಂದ ಬಂತು.

ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆಂದು ದಲ್ಲಾಳಿ ಹೇಳಿರಲಿಲ್ಲ. ಎಪ್ಪತ್ತೈದು ದಾಟಿದ ಜೀವ. ಆ ಮನೆಯ ನಡುವಣ ಮಗನ ಹೆಂಡತಿ. ಮಕ್ಕಳಿಲ್ಲ, ಗಂಡ ತೀರಿ ಇಪ್ಪತ್ತು ವರ್ಷ. ಚಂದ್ರಿಕೆಗಳ ನಡುವೆ ಆಕೆಯದು ಒಂದು ಕೋಣೆ, ಒಂದು ಒಲೆ, ಎರಡು ಕೋಳಿ. ನಾಯಿ ಇತ್ತು, ಹಿಂದಿನ ವರ್ಷ ಚಿರತೆ ಎತ್ತಿಕೊಂಡು ಹೋಯಿತು. “ಆನೆನೂ ಬತ್ತವೆ ಒಂದೊಂದ್ ದಪ. ಬಾಗ್ಲಾಕ್ಕಂಡು ಕೂತ್ಕತೀನಿ, ಒಂಟೋಯ್ತವೆ” ಎಂದು, ನೆಂಟರು ಬಂದುಹೋದ ಸುದ್ದಿ ಹೇಳುವಂತೆ ಹೇಳಿದಳು.

“ಯಾವೂರ್ನೋರಪ್ಪ ನೀವು?”

“ನಾಗಮಂಗಲದ ಕಡೆ ಕಣವ್ವ. ಊರು ಬಿಟ್ಟು ಬಾಳ ವರ್ಷ ಆಯ್ತು.”

ಆಕೆ ಮಾವನವರನ್ನೂ ಮಗ ಸೊಸೆಯರನ್ನೂ ಒಮ್ಮೆ ನೋಡಿ, “ಇರಾಕೆ ತಗತೀರೋ, ಕೆಡವಾಕೆ ತಗತೀರೋ?” ಎಂದು ಕೇಳಿದಳು. ಅದಕ್ಕೆ ಆ ದಿನ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಆಗ ದೂರದಲ್ಲಿ ಮೈಸೂರು ಗಾಡಿ ಕೂಗಿತು. ನಾಲ್ಕು ಕಿಲೋಮೀಟರ್ ಆಚೆಯ ಹಳಿಯ ಸದ್ದು ಗಾಳಿ ಅನುಕೂಲವಾಗಿದ್ದರೆ ಈ ತೋಟದವರೆಗೂ ಬರುತ್ತದೆ.

ಮರು ಸೋಮವಾರ ಪರೀಕ್ಷೆ ನಡೆಯಿತು. ಹಿಂದಿನ ರಾತ್ರಿ ಚನ್ನಪಟ್ಟಣದ ವಸತಿಗೃಹದಲ್ಲಿ ತಂಗಿದ್ದ ಯಜಮಾನರು ಬೆಳಗಾಗುವ ಮೊದಲೇ ಹಳ್ಳಿಗೆ ಹೋಗಿ, ಆ ಜಗಲಿಯಿಂದಲೇ ಬಾಡಿಗೆ ಸೈಕಲ್ಲಿನಲ್ಲಿ ಹೊರಟರು: ನಿಲ್ದಾಣಕ್ಕೆ ಇಪ್ಪತ್ತು ನಿಮಿಷ, ಕಾಯುವಿಕೆ ಎಂಟು, ಗಾಡಿ ಒಂದು ಗಂಟೆ ಹತ್ತು, ಮೆಜೆಸ್ಟಿಕ್ಕಿನಿಂದ ಮೆಟ್ರೋ ಮತ್ತು ನಡಿಗೆ ಸೇರಿ ಇಪ್ಪತ್ತನಾಲ್ಕು. ಒಟ್ಟು ಎರಡು ಗಂಟೆ ಎರಡು ನಿಮಿಷ. “ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ” ಎಂದರು ಮುದುಕರು. ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದವರು ತಮ್ಮ ಗಡಿಯಾರದ ಮೇಲೆ ಹಾಗೆ ದೂರು ಹೇಳಿದ್ದು ಅದೇ ಮೊದಲು.

ಇನ್ನು ಕಾಗದಪತ್ರದ ಕಾಂಡ. ಹಳೆಯ ಮನೆಯ ಗೆದ್ದಲು ಕಂಬಕ್ಕಿಂತ ದಾಖಲೆಯಲ್ಲೇ ಹೆಚ್ಚು. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಸೇರಿಸಿದ್ದ 79-ಎ ಮತ್ತು 79-ಬಿ ಕಲಮುಗಳು ಬೇಸಾಯಗಾರರಲ್ಲದವರು ಸಾಗುವಳಿ ಭೂಮಿ ಕೊಳ್ಳುವುದನ್ನು ತಡೆದಿದ್ದವು. 2020ರ ತಿದ್ದುಪಡಿ ಅವುಗಳನ್ನು ತೆಗೆದುಹಾಕಿತು. ಲೆಕ್ಕಪತ್ರದ ಗುಮಾಸ್ತರೂ ಇಂದು ತೋಟ ಕೊಳ್ಳಬಹುದು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಕೊಳ್ಳುವವರು ಯಾರು, ಏತಕ್ಕಾಗಿ ಕೊಳ್ಳುತ್ತಾರೆ ಎಂಬುದನ್ನು ಅವಲಂಬಿಸಿದೆ. ಮುದುಕಿಯ ಪ್ರಶ್ನೆಯೇ ಇಲ್ಲಿಯೂ ಎದುರಾಗುತ್ತದೆ. ಮನೆ ಗ್ರಾಮಠಾಣೆಯೊಳಗಿದ್ದುದರಿಂದ ಅದಕ್ಕೆ ಪಂಚಾಯಿತಿಯ ಇ-ಸ್ವತ್ತಿನ 9 ಮತ್ತು 11ನೆಯ ನಮೂನೆಗಳು ಬೇಕು. ತೋಟ ಸರ್ವೆ ನಂಬರಿನದಾದ್ದರಿಂದ ಪಹಣಿ ಬೇಕು. ಪಹಣಿಯ 9ನೆಯ ಕಲಮಿನಲ್ಲಿ ಇನ್ನೂ ತೀರಿಹೋದ ಹಿರಿಯರ ಹೆಸರೇ ಇತ್ತು. ಹಿರಿಯರಿಗೆ ಮೂವರು ಗಂಡುಮಕ್ಕಳು. 1991ರಲ್ಲಿ ಅರಳಿಕಟ್ಟೆಯ ಮೇಲೆ ಕುಳಿತು ಬಾಯಿಮಾತಿನಲ್ಲೇ ಭಾಗ ಮಾಡಿಕೊಂಡಿದ್ದರು. ಪಾರೀಖತ್ತು ನೋಂದಣಿ ಆಗಿರಲಿಲ್ಲ.

ಕಿರಿಯ ಮಗ ಚನ್ನಪಟ್ಟಣದ ಪೇಟೆಯಲ್ಲಿ ಅಂಗಡಿಯಿಟ್ಟವನು. “ನಾವೆಲ್ಲ ಒಪ್ಪಿದೀವಿ ಸ್ವಾಮಿ, ಇನ್ನೇನು?” ಎಂದ. ವಕೀಲರು ವಂಶವೃಕ್ಷ ನೋಡಿ, “ಇಲ್ಲೊಬ್ಬ ಮಗಳಿದ್ದಾಳಲ್ಲ?” ಎಂದರು.

ಮಗಳು ಮದ್ದೂರಿಗೆ ಮದುವೆಯಾಗಿ ಹೋದವಳು. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರವೋ ನ್ಯಾಯಾಲಯದ ತೀರ್ಪೋ ಇದ್ದರೆ ಆ ಮಾತು ಬೇರೆ. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ, ತಂದೆ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ನಿಲ್ಲುತ್ತದೆಂದೂ, ಬಾಯಿಮಾತಿನ ಭಾಗವನ್ನು ಸಾಮಾನ್ಯವಾಗಿ ಒಪ್ಪಲಾಗದೆಂದೂ ಹೇಳಿತು. ಅರಳಿಕಟ್ಟೆಯ ಭಾಗ ಕಾಗದದಲ್ಲಿ ನಿಲ್ಲಲಿಲ್ಲ. ಹಿರಿಯ ಮಗನ ಮೂವರು ಮಕ್ಕಳು, ನಡುವಣವನ ಹೆಂಡತಿ, ಕಿರಿಯ ಮಗ ಮತ್ತು ಅವನ ಇಬ್ಬರು ಮಕ್ಕಳು, ಮದ್ದೂರಿನ ಮಗಳು: ಎಂಟು ಸಹಿಗಳು. ಏಳು ಸಿದ್ಧವಿದ್ದವು.

ಎಂಟನೆಯ ಸಹಿಗಾಗಿ ಮತ್ತೆ ಮದ್ದೂರಿನಲ್ಲಿ ಇಳಿಯಬೇಕಾಯಿತು. ಆಕೆಗೂ ಎಪ್ಪತ್ತು ಮೀರಿದೆ. ತವರಿನ ಹೊಸಿಲು ತುಳಿದು ಬಹಳ ವರ್ಷವಾಗಿತ್ತು. ತಾಯಿಯ ಬೆಳ್ಳಿಯ ಡಾಬೊಂದು ಭಾಗದ ಸಮಯದಲ್ಲಿ ಕಾಣೆಯಾಗಿ, ಅದನ್ನು ಅತ್ತಿಗೆ ಇಟ್ಟುಕೊಂಡಳೆಂದು ಈಕೆಯೂ, ನಾದಿನಿ ಸುಳ್ಳು ಹೊರಿಸಿದಳೆಂದು ಆಕೆಯೂ ಮಾತು ಬಿಟ್ಟಿದ್ದರು. ಅಣ್ಣ ತೀರಿದಾಗ ಬಂದು, ನೀರೂ ಕುಡಿಯದೆ ಹಿಂತಿರುಗಿದ್ದಳಂತೆ. ದುಡ್ಡಿನ ಮಾತೇ ಬರುತ್ತದೆಂದು ದಂಪತಿಗಳು ಸಿದ್ಧವಾಗಿಯೇ ಹೋಗಿದ್ದರು. ಆಕೆ ಕೇಳಿದ್ದು ಬೇರೆ.

“ನಮ್ಮತ್ಗೆ ಎಲ್ಲೋಯ್ತಾಳೆ?”

“ಅವರ ಪಾಲಿನ ಹಣ ಅವರ ಕೈಗೇ ಬರುತ್ತದಮ್ಮ” ಎಂದರು ಯಜಮಾನರು.

“ದುಡ್ಡಿಸ್ಕಂಡು ಯಾರ ಮನೆ ಜಗಲಿ ಮೇಲೆ ಕೂತ್ಕಂಡಾಳು ಅವಳು? ದುಡ್ಡು ಇರಗಂಟ ಎಲ್ರೂ ಕರೀತಾರೆ. ಆಮೇಕೆ?” ಆಕೆ ಎಲೆಯಡಿಕೆಯ ಚೀಲವನ್ನು ಮುಚ್ಚಿದಳು. “ಇರಗಂಟ ಆ ಕೋಣೆ ಅವಳ್ದೇ ಅಂತ ಬರ್ಕೊಡಿ. ಅವತ್ತು ಬಂದು ಎಬ್ಬೆಟ್ಟಾಕ್ತೀನಿ. ನನ್ನ ಪಾಲು ಏನು ಕೊಡ್ತೀರೋ ಕೊಡಿ, ಜಗಳ ಇಲ್ಲ. ಅವಳ್ಗೆ ನಾನಿದ್ನ ಹೇಳ್ದೆ ಅನ್ಬೇಡಿ.”

ವಕೀಲರ ಅಭಿಪ್ರಾಯ ಪ್ರೋತ್ಸಾಹಕರವಾಗಿರಲಿಲ್ಲ. ಜೀವಾವಧಿ ವಾಸದ ಹಕ್ಕನ್ನು ಕ್ರಯಪತ್ರದಲ್ಲಿ ಬರೆಯಲು ಅಡ್ಡಿಯಿಲ್ಲ. ಆದರೆ ನಾಳೆ ಮಾರಬೇಕಾದರೆ ಬೆಲೆ ಇಳಿಯುತ್ತದೆ, ಮಣ್ಣಿನ ಗೋಡೆಯ ಮನೆಗೆ ಮೊದಲೇ ಹಿಂಜರಿಯುವ ಬ್ಯಾಂಕು ಇನ್ನಷ್ಟು ಹಿಂಜರಿಯುತ್ತದೆ. ಮುದುಕಿಗೆ ಕಾಯಿಲೆಯಾದರೆ ನೋಡುವವರು ಯಾರು? ತೋಟದ ಕಾಯಿ ಯಾರದು? ಕಿರಿಯ ಮಗ ಇನ್ನೊಂದು ಮಾತು ಹೇಳಿದ: ಮರಮುಟ್ಟಿನ ವ್ಯಾಪಾರಿಯೊಬ್ಬ ಬಂದುಹೋಗಿದ್ದಾನೆ, ತೋಟವನ್ನು ನಿವೇಶನ ಮಾಡುವವರೂ ಕೇಳಿದ್ದಾರೆ, ಈ ತಿಂಗಳ ಕೊನೆಯೊಳಗೆ ಇತ್ಯರ್ಥವಾಗಬೇಕು.

ಆ ಸಂಜೆ ಹಿಂತಿರುಗುವ ಗಾಡಿಯಲ್ಲಿ ಬಿಡದಿಯವರೆಗೆ ಯಾರೂ ಮಾತನಾಡಲಿಲ್ಲ. ಯಜಮಾನರು ಕಾಗದದ ಮೇಲೆ ಲೆಕ್ಕ ಬರೆಯುತ್ತಿದ್ದರು. ಆ ಲೆಕ್ಕದಲ್ಲಿ ಕಾಣದ ಒಂದು ಬಾಬು ಪತ್ನಿಯದಾಗಿತ್ತು: ಮನೆ ಕೊಂಡರೆ ಆಕೆ ಬೆಂಗಳೂರಿನ ಶಾಲೆ ಬಿಟ್ಟು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ಸೇರಬೇಕು. ಇಬ್ಬರೂ ಗಾಡಿ ಹಿಡಿದರೆ ಮಕ್ಕಳನ್ನು ನೋಡುವವರಿಲ್ಲ. ಇದನ್ನು ಗಂಡ ಕೇಳಿರಲಿಲ್ಲ, ಆಕೆ ಹೇಳಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೆಯೇ.

ಕೆಂಗೇರಿ ಸಮೀಪಿಸಿದಾಗ ಆಕೆಯೇ ಬಾಯಿಬಿಟ್ಟಳು: “ನೋಡಿ, ಹದಿನಾಲ್ಕು ವರ್ಷ ನಾವು ಐದು ಜನ ಬೇರೆಯವರ ಮನೆಯಲ್ಲಿ ಇದ್ದೆವು. ನಮ್ಮ ಮನೆಯಲ್ಲಿ ಬೇರೆಯವರು ಒಬ್ಬರು ಇದ್ದರೆ ಏನು ಹೋಯಿತು?” ಸ್ವಲ್ಪ ತಡೆದು, “ನನ್ನ ಕೆಲಸದ ಮಾತನ್ನೂ ಆ ಲೆಕ್ಕದಲ್ಲಿ ಬರೆದುಕೊಳ್ಳಿ. ಬಿಟ್ಟುಕೊಡುವುದಾದರೆ ಬರೆದೇ ಬಿಟ್ಟುಕೊಡೋಣ” ಎಂದಳು. ಯಜಮಾನರು ಬರೆದುಕೊಂಡರು. ಮಾವನವರು ಕಿಟಕಿಯ ಕಡೆ ತಿರುಗಿ ಗಡಿಯಾರಕ್ಕೆ ಕೀಲಿ ಕೊಟ್ಟರು.

ಕ್ರಯಪತ್ರದಲ್ಲಿ ಚೆಕ್ಕುಬಂದಿಯ ಕೆಳಗೆ ಒಂದು ಸಾಲು ಹೆಚ್ಚಾಯಿತು: ಈಶಾನ್ಯದ ಕೋಣೆ, ಅದರ ಮುಂದಿನ ಪಡಸಾಲೆ ಮತ್ತು ಬಾವಿಯ ನೀರು ಜೀವಾವಧಿ ಆಕೆಗೆ. ಹದ್ದುಬಸ್ತಿನ ಅಳತೆ ಮುಗಿಯಿತು. ಬ್ಯಾಂಕು ನಿರೀಕ್ಷಿಸಿದಂತೆಯೇ ಒಪ್ಪಲಿಲ್ಲ. ಮಾವನವರ ನಿವೃತ್ತಿಯ ಹಣದಲ್ಲಿ ಉಳಿದದ್ದು, ಸೊಸೆಯ ಬಳೆಗಳು, ಭವಿಷ್ಯನಿಧಿ ಎಲ್ಲವೂ ಸೇರಿ ಮೊತ್ತ ಕೂಡಿತು. ನೋಂದಣಿ ಕಚೇರಿಯಲ್ಲಿ ಎಂಟೂ ಜನ ಹಾಜರಾದರು. ಅತ್ತಿಗೆ ನಾದಿನಿಯರನ್ನು ಒಂದೇ ಬೆಂಚಿನಲ್ಲಿ ಕೂರಿಸಲಾಗಿತ್ತು. ಅವರು ಮಾತನಾಡಿದರೋ ಇಲ್ಲವೋ, ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಹೊರಡುವಾಗ ಮದ್ದೂರು ವಡೆಯ ಪೊಟ್ಟಣವೊಂದು ಅತ್ತಿಗೆಯ ಮಡಿಲಿನಲ್ಲಿತ್ತು.

ಪೊಳ್ಳಾದ ಮೂರು ಕಂಬಗಳ ಬುಡವನ್ನು ಕತ್ತರಿಸಿ ಕೆಳಗೆ ಕಲ್ಲಿನ ಪೀಠ ಕೊಟ್ಟರು. ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣದ ಗಾರೆ ಮೆತ್ತಿಸಿದರು. ಹೆಂಚು ಕೈಯಾಡಿಸಲು ಯಾರೂ ಸಿಗದೆ, ಮುದುಕಿ ಕೆಳಗೆ ನಿಂತು ಹೇಳಿಕೊಟ್ಟಂತೆ ಊರಿನ ಇಬ್ಬರು ಹುಡುಗರು ಮೇಲೆ ಹತ್ತಿ ಕಲಿತರು. ಮೊದಲನೆಯ ಮಳೆಗೆ ಎರಡು ಕಡೆ ಸೋರಿತು. ಮಗಳು ತೊಟ್ಟಿಯಲ್ಲಿ ಕುಂಟಾಬಿಲ್ಲೆಯ ಗೆರೆ ಎಳೆದಿದ್ದಾಳೆ. ಚಂದ್ರಿಕೆಗಳನ್ನು ಏನು ಮಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಮುದುಕರಿಗೆ ಹುಳು ಸಾಕುವ ಮನಸ್ಸಿದೆ, ಸೊಸೆಗೆ ಅದರ ವಾಸನೆಯ ಭಯವಿದೆ.

ಗಾಡಿ ಎಲ್ಲ ದಿನವೂ ಹೊತ್ತಿಗೆ ಬರುವುದಿಲ್ಲ. ಕೆಲವು ಸಂಜೆ ಮುಕ್ಕಾಲು ಗಂಟೆ ತಡ. ಎರಡು ಗಂಟೆಯ ಕರಾರು ಅಂದು ಮುರಿಯುತ್ತದೆ. ಮಾವನವರು ಗಡಿಯಾರ ನೋಡುತ್ತ ಜಗಲಿಯಲ್ಲಿ ಕೂರುತ್ತಾರೆ. ಒಳಗಿನ ಪಡಸಾಲೆಯಲ್ಲಿ ಮುದುಕಿ ಗಡಿಯಾರವಿಲ್ಲದೆಯೇ ಕಿವಿಗೊಟ್ಟಿರುತ್ತಾಳೆ. ಕೂಗು ಕೇಳಿದಮೇಲೆ ಸೈಕಲ್ಲು ಕೆರೆಯ ಏರಿ ಇಳಿಯಲು ಇಪ್ಪತ್ತು ನಿಮಿಷ ಬೇಕೆಂಬುದು ಆಕೆಗೂ ತಿಳಿದಿದೆ.

“ರೈಲು ಕೂಗ್ತು ಕಣವ್ವ” ಎನ್ನುತ್ತಾಳೆ ಅಡಿಗೆಮನೆಯ ಕಡೆ ತಿರುಗಿ, “ಎಸರಿಡು.”